ಬಿಳಿ ಕೊಳೆಯ ಕೈಗುಣ

ಗಂಡನ ಮಾತನ್ನು ಹೆಂಡತಿ ಅರ್ಧ ಮಾತ್ರ ಕೇಳಿಸಿಕೊಳ್ಳುವುದರಿಂದಲೇ ಎಷ್ಟೋ ಸಂಸಾರಗಳು ನೆಟ್ಟಗಿವೆ ಎಂಬುದು ನನ್ನ ದೃಢವಾದ ನಂಬಿಕೆ. ನನ್ನವಳು ಪೂರ್ತಿ ಕೇಳಿಸಿಕೊಂಡಿದ್ದರೆ ನಾವು ಸಾಗರದ ಆ ಬಾಡಿಗೆ ಮನೆಯಿಂದ ಎಂದೋ ಬೀದಿಗೆ ಬಂದಿರುತ್ತಿದ್ದೆವು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಕೇಳಲು ಮನಸ್ಸಿಲ್ಲದವರಿಗೆ ದಿನವಿಡೀ ಹೇಳಿ ಹೇಳಿ, ಮನೆಗೆ ಬಂದ ಮೇಲೂ ನನ್ನ ನಾಲಿಗೆಗೆ ಬೆಲ್ ಹೊಡೆಯುವುದಿಲ್ಲ. ಹೆಂಡತಿ ಸರೋಜ ಮಂಡಗದ್ದೆಯವಳು. ಹೊಳೆ ನಡುವಿನ ಮರಗಳಲ್ಲಿ ಹಕ್ಕಿಗಳ ಸಂತೆಯೇ ನೆರೆದಿದ್ದಾಗಲೂ ಹಾಯಾಗಿ ನಿದ್ದೆ ಮಾಡಿ ಬೆಳೆದವಳಿಗೆ ನನ್ನೊಬ್ಬನ ಸದ್ದು ಯಾವ ಲೆಕ್ಕ!

ಎಂಬತ್ತರ ದಶಕದ ಆರಂಭದ ಮಾತು. ಮನೆಯ ಮಾಲೀಕರಾದ ಭಟ್ಟರು ತಾಯಿಯ ಜೊತೆ ನಮ್ಮ ಮುಂದಿನ ಮನೆಯಲ್ಲೇ ಇದ್ದರು. ತೋಟ ವರದಮೂಲದ ಕಡೆ. ಅಡಿಕೆ ಸುಲಿಸುವುದು ಮಾತ್ರ ಪೇಟೆಯ ಅಂಗಳದಲ್ಲಿ, ಸಿಪ್ಪೆ ಸುರಿಯುವುದು ನಮ್ಮ ಹಿಂಬಾಗಿಲಿನ ಎದುರಿಗೆ. ಅಡಿಕೆ ಸಿಪ್ಪೆಯ ಹಟ ಬಲ್ಲವರೇ ಬಲ್ಲರು. ಸಗಣಿ ನೀರು ಹೊಯ್ದರೂ ಅದು ಬೇಗ ಕರಗುವುದಿಲ್ಲ, ಬೆಂಕಿ ಹಾಕಿದರೆ ಉರಿಗಿಂತ ಹೊಗೆಯೇ ಹೆಚ್ಚು. ರಾಶಿ ಏರಿ ಏರಿ ಅಡಿಗೆಮನೆಯ ಕಿಟಕಿಯನ್ನೇ ಮುಚ್ಚಿತು. ಭಟ್ಟರಿಗೆ ಹೇಳಿದರೆ, "ಇರ್ಲಿ ಮೇಷ್ಟ್ರೇ, ಇವತ್ತಲ್ಲ ನಾಳೆ ಗೊಬ್ಬರ ಆಗ್ತದೆ" ಎನ್ನುತ್ತಿದ್ದರು. ಒಂದು ದಿನ ಒರಳಿನ ಪಕ್ಕ ಚೇಳು ಕಾಣಿಸಿತು. ಸರೋಜ ಸೌಟು ಕೆಳಗಿಟ್ಟು, "ಬರೋ ಮಳೆಗಾಲ ಕಳಿಯೋದ್ರೊಳಗೆ ಸಿಪ್ಪೆ ಹೋಗ್ಬೇಕು. ಇಲ್ದಿದ್ರೆ ನಾನು ಮಂಡಗದ್ದೆಗೆ ಹೋಗ್ತೀನಿ" ಎಂದಳು. ಅವಳು ಸೌಟು ಕೆಳಗಿಟ್ಟು ಆಡಿದ ಮಾತನ್ನು ಎಂದೂ ಹಿಂದೆ ತೆಗೆದುಕೊಂಡವಳಲ್ಲ.

ನನ್ನ ಪುಣ್ಯಕ್ಕೆ ಆ ಬೇಸಿಗೆಯಲ್ಲೇ ಮೇಷ್ಟ್ರುಗಳಿಗೊಂದು ತರಬೇತಿ ನಡೆಯಿತು. ಅಲ್ಲಿ ಒಬ್ಬರು ವಿಜ್ಞಾನಿ ಬಿಳಿ ಕೊಳೆ ಎಂಬ ಶಿಲೀಂಧ್ರದ ವಿಚಾರ ಹೇಳಿದರು. ಮರಕ್ಕೂ ನಾರಿಗೂ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಉಳಿದ ಜೀವಿಗಳು ಮೂಸಿ ನೋಡಿ ಬಿಟ್ಟು ಹೋದರೆ, ಇದು ಕೂತು ಉಣ್ಣುತ್ತದಂತೆ. ಬಣ್ಣದ ಕಾರ್ಖಾನೆಯ ಕೊಳಕು ನೀರು, ಕ್ರಿಮಿನಾಶಕದ ವಿಷ ಇಂಥವನ್ನೂ ಒಡೆದು ಹಾಕಬಲ್ಲದಂತೆ. ನಾವು ತಿನ್ನುವ ಚಿಪ್ಪಣಬೆಯೂ ಇದೇ ಕುಲದ್ದಂತೆ. ನಾನು ಅಡಿಕೆ ಸಿಪ್ಪೆಯ ಮಾತೆತ್ತಿದೆ. "ಅದಕ್ಕೆ ಹಬ್ಬದೂಟ" ಎಂದು, ಬೇಯಿಸಿದ ಜೋಳದ ಮೇಲೆ ಬೆಳೆಸಿದ ಅಣಬೆ ಬೀಜದ ಬಾಟಲಿಯೊಂದನ್ನು ಕೊಟ್ಟರು. ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಸುಮ್ಮನೆ ತಂದು ಸುಮ್ಮನೆ ಹಾಕಿದ್ದರೆ ಆಗುತ್ತಿತ್ತು. ಆದರೆ ನಾಲಿಗೆ ಕೇಳಬೇಕಲ್ಲ! ಬಾಟಲಿಯನ್ನು ಅಡಿಗೆಮನೆಯ ಗೂಡಿನಲ್ಲಿಟ್ಟು, ಒಗ್ಗರಣೆ ಹಾಕುತ್ತಿದ್ದ ಸರೋಜಳಿಗೆ ಅದರ ಮಹಿಮೆಯನ್ನೆಲ್ಲ ಹೇಳಿ, ಸೀದಾ ಮುಂದಿನ ಮನೆಗೆ ಹೋಗಿ, "ಭಟ್ರೇ, ನಿಮ್ಮ ಸಿಪ್ಪೆಗೆ ಅಂತಲೇ ಕೊಳೆ ತಂದಿದೀನಿ" ಎಂದೆ.

ಅಡಿಕೆ ಬೆಳೆಗಾರರ ಮನೆಯಲ್ಲಿ ಕೊಳೆ ಎಂದರೆ ಒಂದೇ ಅರ್ಥ. ಮಳೆಗಾಲದಲ್ಲಿ ಗೊನೆಗೆ ಗೊನೆಯನ್ನೇ ಉದುರಿಸಿ ವರ್ಷದ ಅನ್ನ ಕಸಿಯುವ ರೋಗ. ಭಟ್ಟರ ಕೈಯಲ್ಲಿದ್ದ ಎಲೆಯಡಿಕೆಯ ಕವಳ ಕೈಯಲ್ಲೇ ಉಳಿಯಿತು. ಒಳಗಿನಿಂದ ಅವರ ತಾಯಿ, "ಎಂತದಡ?" ಎಂದು ಕೇಳಿದರು. "ಮೇಷ್ಟ್ರ ಮನೇಲಿ ಕೊಳೆ ಇದ್ದಡ!" ಎಂದು ಭಟ್ಟರು ಕೂಗಿದ ಧಾಟಿಗೆ ಕೊಟ್ಟಿಗೆಯ ಎಮ್ಮೆಯೂ ಎದ್ದು ನಿಂತಿತು. ಇದು ಬಿಳಿ ಕೊಳೆ, ಅದು ಬೇರೆ, ಹೆಸರು ಒಂದಾದರೂ ಮನೆತನ ಬೇರೆ ಎಂದು ನಾನು ಪಾಠ ಶುರು ಮಾಡಿದೆ.

"ಕೊಳೆಗೆ ಬಣ್ಣ ಎಂತ ಮೇಷ್ಟ್ರೇ? ನಾನು ಕೊಳೆ ಔಷಧಿಗೆ ಅಂತ ಮೈಲುತುತ್ತು, ಸುಣ್ಣ ಹೊತ್ತು ಸಾಯ್ತಾ ಇದೀನಿ, ನೀವು ಬಾಟ್ಲಿಯಲ್ಲಿ ಸಾಕ್ತೀರಾ? ನಿಮಗೆ ಕೊಳೆ ಬೇಕೋ, ಮನೆ ಬೇಕೋ? ಸಂಜೆಯೊಳಗೆ ಹೇಳಿ."

ಮನೆಗೆ ಓಡಿದೆ. ಗೂಡು ಖಾಲಿ. "ಇಲ್ಲಿದ್ದ ಬಾಟ್ಲಿ ಎಲ್ಲೇ?"

"ಆ ಜೋಳವಾ? ಪೂರಾ ಬೂಸಲು ಹಿಡಿದಿತ್ತು. ಯಾರೋ ನಿಮಗೆ ಟೋಪಿ ಹಾಕಿದಾರೆ. ಹಿಂದೆ ಸಿಪ್ಪೆ ಮೇಲೆ ಸುರಿದೆ, ಬಾಟ್ಲಿ ತೊಳೆದು ಎಣ್ಣೆ ಹಾಕಿಟ್ಟಿದೀನಿ."

ಸಂಜೆ ಭಟ್ಟರಿಗೆ, "ಸರೋಜ ಅದನ್ನ ಚೆಲ್ಲಿಬಿಟ್ಟಳು" ಎಂದೆ. ಅಪ್ಪಟ ಸತ್ಯ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. "ಹೆಂಗಸರಿಗಿರೋ ಬುದ್ಧಿ ನಮಗಿಲ್ಲ ನೋಡಿ" ಎಂದು ಸಮಾಧಾನ ಮಾಡಿಕೊಂಡು, ಔಷಧಿ ಹೊಡೆಸಲು ತೋಟಕ್ಕೆ ಹೋದವರು ಮಳೆ ಮುಗಿಯುವವರೆಗೂ ಅಲ್ಲೇ ಉಳಿದರು.

ಆ ಮಳೆಗಾಲವಿಡೀ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕಿಟಕಿ ಇಣುಕಿದೆ. ಸಿಪ್ಪೆಯ ಸಂದಿಗಳಲ್ಲಿ ಬಿಳಿ ಎಳೆಗಳು ಹಬ್ಬಿದವು. ರಾಶಿ ಮೆತ್ತಗಾಗಿ ಕುಸಿಯುತ್ತ ಬಂತು. ಅದು ಒಂದೇ ಬಾಟಲಿಯ ಪ್ರತಾಪವೋ, ಗಾಳಿಯಲ್ಲಿ ತೇಲಿ ಬಂದ ಅದರ ಕಾಡಿನ ನೆಂಟರ ಸಹಾಯವೋ ತಿಳಿಯದು. ಒಂದು ಬೆಳಿಗ್ಗೆ ಅಣಬೆ ಗೊಂಚಲು ಗೊಂಚಲಾಗಿ ಎದ್ದಿತ್ತು. ತವರಿನ ಬುಟ್ಟಿ ಕಟ್ಟಬೇಕಿದ್ದ ಸರೋಜ ಅಣಬೆ ಸಾರಿಗೆ ಮಸಾಲೆ ಅರೆದಳು. ಆ ಸಾರು ಉಣ್ಣುವಾಗ, ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಅವಳ ಮುಖ ನೋಡುತ್ತ ಇನ್ನೊಂದು ಸೌಟು ಹಾಕಿಸಿಕೊಂಡೆ. ಅಣಬೆಗೂ ಅವಳಿಗೂ ಒಟ್ಟಿಗೇ ಕೈ ಮುಗಿಯೋಣ ಎನಿಸಿತು.

ಮಳೆ ನಿಂತು ಹೊಳವಾದ ಮೇಲೆ ತೋಟದಿಂದ ಬಂದ ಭಟ್ಟರು ನೇರ ಹಿತ್ತಿಲಿಗೇ ಹೋದರು. ಇನ್ನು ಮನೆ ಹೋಯಿತು ಎಂದುಕೊಂಡೆ. ಅವರು ರಾಶಿಗೆ ಕೈ ಹಾಕಿದರು. ಅಡಿಯಲ್ಲಿ ಕಪ್ಪಾಗಿ ಪುಡಿಪುಡಿಯಾದ ಗೊಬ್ಬರ. ಮೂಸಿ ನೋಡಿದರು, ಮಣ್ಣಿನದೇ ವಾಸನೆ.

"ಇದಕ್ಕೆ ಎಂತ ಹಾಕಿದ್ರಿ?"

ನಾನು ಬಾಯಿ ತೆರೆಯುವುದರೊಳಗೆ ಸರೋಜ, "ಎಂತ ಇಲ್ಲ ಭಟ್ರೇ, ಬೂಸಲು ಹಿಡಿದ ಜೋಳ ಚೆಲ್ಲಿದ್ದೆ ಅಷ್ಟೆ" ಎಂದಳು.

ಗೊಬ್ಬರ ಗಾಡಿಯೇರಿ ವರದಮೂಲಕ್ಕೆ ಹೋಯಿತು. ಮುಂದಿನ ವರ್ಷ ಸುಲಿತ ಮುಗಿದದ್ದೇ ತಡ, ಭಟ್ಟರು ಒಂದು ಚೀಲ ಒಳ್ಳೆಯ ಜೋಳ ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟರು. "ಸರೋಜಮ್ಮಾ, ಇದಕ್ಕೂ ಬೂಸಲು ಹಿಡಿಸಿ ಕೊಡಿ. ನಿಮ್ಮ ಕೈಗುಣ ಒಳ್ಳೇದು. ಮೇಷ್ಟ್ರಿಗೆ ಮಾತ್ರ ಮುಟ್ಟಲಿಕ್ಕೆ ಬಿಡಬೇಡಿ, ಅವರು ಕೊಳೆ ತರೋ ಪೈಕಿ."

ನನ್ನ ತುಟಿಯ ತುದಿಗೆ ಇಡೀ ಪಾಠ ಬಂದಿತ್ತು. ಸರೋಜ ಕೈಯಲ್ಲಿದ್ದ ಸೌಟನ್ನು ಕೆಳಗಿಡುವಂತೆ ಮಾಡಿದಳು. ನುಂಗಿಕೊಂಡೆ. ಆ ಜೋಳದ ರೊಟ್ಟಿ ತಿಂದುಕೊಂಡು, ಅಲ್ಲಿದ್ದಷ್ಟು ವರ್ಷವೂ ಆ ವಿಜ್ಞಾನಿಯಿಂದ ಅಣಬೆ ಬೀಜದ ಬಾಟಲಿ ಪಡೆದು, ಕೊಡೆಯ ಮಡಿಕೆಯಲ್ಲಿ ಬಚ್ಚಿಟ್ಟು ತಂದು ಅವಳ ಕೈಗೆ ಕೊಟ್ಟೆ. ಬಿಳಿ ಕೊಳೆ ಏನೇನನ್ನೋ ಕರಗಿಸುತ್ತದೆ ಎಂದು ಆ ವಿಜ್ಞಾನಿ ಹೇಳಿದ್ದರು. ಮೇಷ್ಟ್ರ ಬಾಯನ್ನೂ ಕಟ್ಟುತ್ತದೆ ಎಂದು ಹೇಳಿರಲಿಲ್ಲ.