ಹದಿನಾರು ದಿನದ ನಿಧಾನ

ಪ್ರಿಂಟರಿನಲ್ಲಿ ಇಂಕ್ ಮುಗಿದದ್ದೇ ಎಲ್ಲಾ ರಗಳೆಗೂ ಮೂಲ. ಮುಗಿಯಿತಲ್ಲ, ಫೋನಿನಲ್ಲೇ ನೋಡಿಕೊಂಡು ಸುಮ್ಮನಿರಬಹುದಿತ್ತು. ಆದರೆ ಜಯದೇವನಿಗೆ ಕೈಯಲ್ಲಿ ಕಾಗದ ಇಲ್ಲದಿದ್ದರೆ ಸಮಾಧಾನವಿಲ್ಲ. ಶುಕ್ರವಾರ ಸಂಜೆ ತನ್ನ ಪ್ರವಾಸದ ಪಟ್ಟಿಯನ್ನು ಕೆಳಮನೆಯ ಗೋವಿಂದರಾಜುಗೆ ಕಳಿಸಿ, "ಒಂದೇ ಒಂದು ಪೇಜು, ಪ್ರಿಂಟ್ ಹಾಕ್ಕೊಡಿ ಸಾರ್" ಅಂದ. ಗೋವಿಂದರಾಜು ಕೈಗೆ ಕಾಗದ ಕೊಡುವುದೂ ಊರಲ್ಲಿ ಡಂಗುರ ಹೊಡೆಸುವುದೂ ಒಂದೇ ಅಂತ ನೆದರ್ಲೆಂಡ್ಸಿನ ಬಾಡ್‌ಹೂವೆಡಾರ್ಪ್ ಊರಿನ ಅಷ್ಟೂ ಕನ್ನಡಿಗರಿಗೆ ಗೊತ್ತಿತ್ತು. ಜಯದೇವನಿಗೂ ಗೊತ್ತಿತ್ತು. ಹೊಟ್ಟೆ ಉರಿಯುವುದು ಅದಕ್ಕೇ.

ಪಟ್ಟಿ ಏನು ದೊಡ್ಡದಲ್ಲ. ಬಿಲ್ಬಾವೋಗೆ ವಿಮಾನ. ಅಲ್ಲಿಂದ ಸ್ಪೇನಿನ ಉತ್ತರದ ಸಮುದ್ರದ ಅಂಚಿನಲ್ಲೇ ತೆವಳುವ ಪುಟ್ಟ ರೈಲು. ಯಾನೆಸ್ ಅನ್ನುವ ಮೀನುಗಾರರ ಊರಿನಲ್ಲಿ ಐದು ದಿನ, ರಿಬಾದೆಸೆಯಾದಲ್ಲಿ ನಾಲ್ಕು, ಆಮೇಲೆ ಬಸ್ಸು ಹತ್ತಿ ಬೆಟ್ಟದ ನಡುವಿನ ಪೋತೆಸ್‌ನಲ್ಲಿ ಒಂದು ವಾರ. 'ನೋಡುವ ಸ್ಥಳ' ಅನ್ನುವ ಕಡೆ ಪ್ರತಿ ಊರಿಗೂ ಒಂದೇ ಮಾತು: "ಏನೂ ಇಲ್ಲ. ಬೆಂಚಿನ ಮೇಲೆ ಕೂರುವುದು." ಒಟ್ಟು ಹದಿನಾರು ದಿನ, ಒಬ್ಬನೇ.

ಇದು ಮೋಜಲ್ಲ, ಔಷಧಿ. ಕೊರೊನಾ ಶುರುವಾದಾಗಿನಿಂದ ಹದಿನಾರು ತಿಂಗಳು ಮನೆಯಿಂದಲೇ ಕೆಲಸ, ಬೆಳಗಿನಿಂದ ಸಂಜೆವರೆಗೆ ಕಾಲ್ ಮೇಲೆ ಕಾಲ್. ಜಯದೇವನ ಕೋಪ ಎಲ್ಲಿಗೆ ಮುಟ್ಟಿತ್ತೆಂದರೆ, ಜೂನಿನಲ್ಲಿ ಒಂದು ದಿನ ಮ್ಯೂಟ್ ಆಗಿದ್ದೇನೆ ಅಂದುಕೊಂಡು ಮ್ಯಾನೇಜರಿಗೆ ಅಚ್ಚಗನ್ನಡದಲ್ಲಿ ಮಂಗಳಾರತಿ ಎತ್ತಿದ್ದ. ಮ್ಯೂಟ್ ಆಗಿರಲಿಲ್ಲ. ಡಚ್ ಮ್ಯಾನೇಜರಿಗೆ ಭಾಷೆ ತಿಳಿಯದಿದ್ದರೂ ಭಾವ ಚೆನ್ನಾಗಿ ತಿಳಿಯಿತು. "ರಜೆ ತಗೋ, ಶಾಂತವಾಗಿ ವಾಪಸ್ ಬಾ. ಶಾಂತವಾಗಿ ಬರದಿದ್ದರೆ ಕಾಂಟ್ರಾಕ್ಟ್ ಬಗ್ಗೆ ಮಾತಾಡೋಣ" ಅಂದ. ಕಾಂಟ್ರಾಕ್ಟ್ ಹೋದರೆ ಪರ್ಮಿಟ್ ಹೋಯಿತು, ಪರ್ಮಿಟ್ ಹೋದರೆ ಗಂಟುಮೂಟೆ ಕಟ್ಟಬೇಕು. ಹೆಂಡತಿ ಪ್ರಭಾ ಇನ್ನೂ ಸ್ಪಷ್ಟವಾಗಿ ಹೇಳಿದ್ದಳು: "ನೀವೊಬ್ರೇ ಹೋಗಿ. ಆ ಕೋಪಾನ ಅಲ್ಲೇ ಬಿಸಾಕಿ ಬನ್ನಿ. ನಾನೂ ಹದಿನಾರು ದಿನ ನೆಮ್ಮದಿಯಾಗಿರ್ತೀನಿ."

ಶನಿವಾರ ಬೆಳಿಗ್ಗೆ ಎಂಟಕ್ಕೆ ಬೆಲ್ಲಾಯಿತು. ಗೋವಿಂದರಾಜು ಪ್ರಿಂಟನ್ನು ಹೊಸ್ತಿಲ ಮೇಲಿಟ್ಟು, ಒಂದೂವರೆ ಮೀಟರ್ ದೂರದಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದ. ಅವನ ತಾಯಿ ಇಂದಿರಮ್ಮ ಮೆಟ್ಟಿಲ ಮೇಲೆ.

"ಏನ್ರೀ ಜಯದೇವ್, ಇದೇನು ಪ್ಲಾನು ಇದು? ಒಂದೊಂದು ಊರಲ್ಲಿ ವಾರಗಟ್ಲೆ ಕೂತ್ಕೊಂಡು ಬೇರು ಬಿಡ್ತೀರಾ? ನೀವು ಇವತ್ತು ಹೋಗೋ ಫ್ಲೈಟಲ್ಲಿ ಇನ್ನೂ ಸೀಟಿದೆ. ನಾನು, ಅಮ್ಮ ಇಬ್ರೂ ಬರ್ತೀವಿ, ನಮ್ಮ ಎರಡೂ ಡೋಸ್ ಆಗಿ ಕ್ಯೂಆರ್ ಕೋಡ್ ಬಂದಾಯ್ತು. ಅಲ್ಲಿ ಒಂದು ಗಾಡಿ ತಗೊಳ್ಳೋಣ. ನೀವು ಓಡ್ಸಿ, ನನಗೆ ಲೈಸೆನ್ಸ್ ಇಲ್ಲ. ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತೀನಿ. ಹದಿನಾರು ದಿನದಲ್ಲಿ ಇಪ್ಪತ್ತೆರಡು ಊರು ಹೊಡೀಬಹುದು, ಪೋರ್ಚುಗಲ್ ಸೇರಿ!"

"ದಾರೀಲಿ ಅನ್ನ ಮಾಡ್ಕೊಳ್ಳೋಕೆ ಕುಕ್ಕರ್ ನಾನಿಟ್ಕೋತೀನಿ" ಅಂದರು ಇಂದಿರಮ್ಮ.

ಜಯದೇವನ ಕಿವಿ ಕೆಂಪಾದವು. ಗೋವಿಂದರಾಜು ಪಕ್ಕದಲ್ಲಿ ಕೂತು ಹದಿನಾರು ದಿನ ದಾರಿ ಹೇಳುವುದು! ಬಾಗಿಲು ಮುಖಕ್ಕೆ ಹಾಕೋಣ ಅಂದರೆ ಇಂದಿರಮ್ಮ ಎಪ್ಪತ್ತರ ಹಿರಿಯರು. ಬಾಯಿಗೆ ಬಂದದ್ದು ಒಂದೇ ಮಾತು.

"ಅಯ್ಯೋ, ನಾನೇ ಹೋಗ್ತಿಲ್ಲ ಸಾರ್. ಟೆಸ್ಟ್ ಪಾಸಿಟಿವ್ ಬಂತು." ಅಂದು ಎರಡು ಸಲ ಕೆಮ್ಮಿದ.

ಅಮ್ಮ ಮಗ ಮೆಟ್ಟಿಲಿಳಿದ ವೇಗ ನೋಡಬೇಕಿತ್ತು. ಒಳಗೆ ಮೇಜಿನ ಮೇಲೆ ನಿನ್ನೆಯ ನೆಗೆಟಿವ್ ಸರ್ಟಿಫಿಕೇಟ್ ತಣ್ಣಗೆ ಮಲಗಿತ್ತು.

"ಶುಭಕಾರ್ಯಕ್ಕೆ ಹೊರಡೋ ದಿನ ಬಾಯಲ್ಲಿ ಎಂಥಾ ಮಾತು ರೀ!" ಅಂದಳು ಪ್ರಭಾ.

"ಸುಮ್ನಿರು. ಮಧ್ಯಾಹ್ನದವರೆಗೆ ತಾನೇ?"

ಮಧ್ಯಾಹ್ನದವರೆಗೆ ಅವನ ಪ್ರಾಣ ಹಿಂಡಿದರು. ಒಂಬತ್ತಕ್ಕೆ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ಅರವತ್ತು ಕೈಜೋಡಿಸಿದ ಚಿತ್ರಗಳು. ಹತ್ತಕ್ಕೆ ಯಾರೋ ಬಾಗಿಲಿಗೆ ಆಕ್ಸಿಮೀಟರ್ ನೇತುಹಾಕಿ ಹೋದರು. ಹತ್ತೂವರೆಗೆ ಮಾಸ್ಟ್ರಿಕ್ಟ್‌ನಲ್ಲಿ ಪಿಎಚ್‌ಡಿ ಮಾಡುವ ಅರವಿಂದ ಫೋನ್ ಮಾಡಿ, "ಸಾರ್, ಯಾವ ವೇರಿಯಂಟು? ವಾಸನೆ ಬರ್ತಿದ್ಯಾ? ಏನಾದ್ರೂ ಮೂಸಿ ನೋಡಿ ಹೇಳಿ" ಅಂತ ಲೈನಿನಲ್ಲೇ ಕಾದ. ಜಯದೇವ ಮನೆಯ ಇಂಗಿನ ಡಬ್ಬಿ ಮೂಸಿ, ಹಲ್ಲು ಕಚ್ಚಿ, "ಬರ್ತಿಲ್ಲ" ಅಂದ. ಹನ್ನೊಂದಕ್ಕೆ ಇಂದಿರಮ್ಮ ಹೊಸ್ತಿಲ ಹೊರಗೆ ಒಂದು ಸ್ಟೀಲ್ ಡಬ್ಬಿ ಇಟ್ಟು, ಬೆಲ್ ಒತ್ತಿ, ಕೆಳಗಿನಿಂದ ಕೂಗಿದರು: "ಮೆಣಸಿನ ಸಾರು ಕಣೋ! ಬಿಸಿಯಾಗಿ ಕುಡಿದು ಹೊದ್ದು ಮಲಕ್ಕೋ!"

ಜುಲೈ ತಿಂಗಳ ಬಿಸಿಲಿನಲ್ಲಿ ಹೊದ್ದು ಮಲಗಬೇಕಂತೆ. ಈ ಜನರ ಪ್ರೀತಿಗೆ ಬೆಂಕಿ ಹಾಕ ಅಂತ ಜಯದೇವ ಕಟಕಟ ಹಲ್ಲು ಕಡಿದ. ಸಾರು ಮಾತ್ರ ಚೆನ್ನಾಗಿತ್ತು, ಪೂರ್ತಿ ಕುಡಿದ.

ಪ್ರಭಾ ಆ ಡಬ್ಬಿ ತೊಳೆದು, ಅದಕ್ಕೆ ಪುಳಿಯೋಗರೆ ಗೊಜ್ಜು ತುಂಬಿ ಅವನ ಚೀಲಕ್ಕೆ ತುರುಕಿದಳು.

"ಅದು ಅವರ ಡಬ್ಬಿ ಕಣೇ!"

"ಮುಚ್ಚಳ ಗಟ್ಟಿಯಾಗಿದೆ, ಸೋರಲ್ಲ. ವಾಪಸ್ ಬಂದ್ಮೇಲೆ ಏನಾದ್ರೂ ತುಂಬಿ ಕೊಡ್ತೀನಿ. ಖಾಲಿ ಡಬ್ಬಿ ಕೊಡೋಕಾಗುತ್ತಾ? ಹದಿನಾರು ದಿನ ಬರೀ ಬ್ರೆಡ್ ತಿಂದ್ರೆ ನಿಮ್ಮ ಕೋಪ ಇಳಿಯಲ್ಲ, ಏರತ್ತೆ."

ಈಗ ಮನೆಯಿಂದ ಹೊರಬೀಳುವ ಪ್ರಶ್ನೆ. ಯಾವ ಬಾಗಿಲಿನಿಂದ ಹೊರಬಿದ್ದರೂ ಬಸ್‌ಸ್ಟಾಪಿಗೆ ಹೋಗುವ ದಾರಿ ಗೋವಿಂದರಾಜುವಿನ ಕಿಟಕಿಯ ಕೆಳಗೇ ಹಾದುಹೋಗುತ್ತದೆ. ಆ ಕಿಟಕಿಗೆ ಈ ದೇಶದ ಪದ್ಧತಿಯಂತೆ ಪರದೆಯಿಲ್ಲ, ಅದರ ಹಿಂದೆ ಇಂದಿರಮ್ಮ ದಿನವಿಡೀ ಕೂತಿರುತ್ತಾರೆ. ಒಂದೂವರೆಗೆ ಜಯದೇವ ಟೋಪಿ, ಕಪ್ಪು ಕನ್ನಡಕ, ಮಾಸ್ಕ್ ಏರಿಸಿ, ಸೈಕಲ್ ಇಡುವ ಕೋಣೆಯ ಹಿಂಬಾಗಿಲಿನಿಂದ ಹೊರಬಿದ್ದ. ಕಿಟಕಿಯ ಹತ್ತಿರ ಬಂದವನೇ ಚೀಲ ಬೆನ್ನಿಗೇರಿಸಿ ನೆಲಕ್ಕೆ ಬಗ್ಗಿ ಅಂಬೆಗಾಲಿಟ್ಟ. ನಲವತ್ತೊಂದು ವರ್ಷದ ಗಂಡಸು! ನಾಯಿ ಹಿಡಿದು ಬಂದ ಡಚ್ ಅಜ್ಜನೊಬ್ಬ "ಹುಯೆಮಿಡ್ಡಾಖ್!" ಅಂತ ಗಟ್ಟಿಯಾಗಿ ನಮಸ್ಕಾರ ಹೇಳಿದ. ನಾಯಿ ಬಂದು ಗೊಜ್ಜಿನ ಚೀಲ ಮೂಸಿತು. ಜಯದೇವ ಉಸಿರು ಬಿಗಿಹಿಡಿದು ಮೇಲೆ ನೋಡಿದ. ಕಿಟಕಿಯಲ್ಲಿ ಯಾರೂ ಇರಲಿಲ್ಲ. ನನಗೋಸ್ಕರ ದೇವರ ಮುಂದೆ ಕೂತಿರಬೇಕು ಅಂದುಕೊಂಡು, ಮೊಣಕಾಲಿನ ಮಣ್ಣು ಕೊಡವಿ, ಓಡಿಹೋಗಿ ಬಸ್ಸು ಹತ್ತಿದ.

ವಿಮಾನ ನಿಲ್ದಾಣದ ಸೆಕ್ಯುರಿಟಿ ಸಾಲಿನಲ್ಲಿ ನಿಂತಾಗ, ಹದಿನಾರು ತಿಂಗಳಲ್ಲಿ ಮೊದಲ ಸಲ ಅವನ ಭುಜ ಸಡಿಲವಾಯಿತು. ಸುತ್ತ ನೂರಾರು ಜನ, ಎಲ್ಲರ ಮುಖಕ್ಕೂ ಮಾಸ್ಕು. ಯಾರಿಗೂ ಯಾರ ಗುರುತೂ ಇಲ್ಲ. ಎಂಥಾ ಸುಖ! ನಾಳೆ ಈ ಹೊತ್ತಿಗೆ ಯಾನೆಸ್‌ನ ಬೆಂಚು.

ಅವನ ಚೀಲ ಮಾತ್ರ ಸ್ಕ್ಯಾನರಿನಿಂದ ಬೇರೆ ದಾರಿ ಹಿಡಿಯಿತು. ಗ್ಲೌಸ್ ತೊಟ್ಟ ಅಧಿಕಾರಿಣಿ ಜಿಪ್ ಎಳೆದು, ಸ್ಟೀಲ್ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಇದು ಯಾರದು?" ಅಂದಳು.

"ಅಯ್ಯೋ, ಅದು ನಂದು!"

ಹೇಳಿದವನು ಜಯದೇವನಲ್ಲ. ಪಕ್ಕದ ಸಾಲಿನಿಂದ ಬಂದ ಹೆಂಗಸಿನ ದನಿ ಅದು. ಮುಚ್ಚಳದ ಮೇಲೆ ಕೆತ್ತಿಸಿದ ಅಕ್ಷರ ದೀಪದ ಬೆಳಕಿಗೆ ಹೊಳೆಯುತ್ತಿತ್ತು: 'ಸೌ॥ ಇಂದಿರಮ್ಮ, ಮೈಸೂರು'.

"ಗೋವಿಂದ, ನನ್ನ ಡಬ್ಬಿ ನೋಡೋ! ಜಯದೇವಂಗೆ ಸಾರು ಕೊಟ್ಟಿದ್ನಲ್ಲ, ಅದೇ!" ಇಂದಿರಮ್ಮ ಡಬ್ಬಿಯನ್ನೂ ಅದರ ಹಿಂದೆ ನಿಂತ ಟೋಪಿಯನ್ನೂ ನೋಡಿದರು. ಆಮೇಲೆ ಕಿರುಚಿದರು: "ಅಯ್ಯಯ್ಯೋ, ಇವನಿಗೆ ಕೊರೊನಾ ಪಾಸಿಟಿವ್ ಕಣೋ!"

ಉಳಿದ ಮಾತು ಯಾರಿಗೂ ಅರ್ಥವಾಗಲಿಲ್ಲ. ಆ ಎರಡು ಪದ ಇಡೀ ಹಾಲಿಗೆ ಅರ್ಥವಾಯಿತು. ಜಯದೇವನ ಸುತ್ತ ಕಣ್ಣುಮುಚ್ಚಿ ಬಿಡುವುದರೊಳಗೆ ನಾಲ್ಕು ಮೀಟರ್ ಜಾಗ ಖಾಲಿ.

"ಸುಳ್ಳು! ನೆಗೆಟಿವ್! ಇಲ್ಲಿ ನೋಡಿ ಪೇಪರ್!" ಜಯದೇವ ಗುಡುಗಿದ.

ಅಧಿಕಾರಿಣಿ ಪೇಪರ್ ಓದಿದಳು. "ಇದು ನಿನ್ನೆಯದು. ನೀವು ಪಾಸಿಟಿವ್ ಅಂತ ಆಕೆಗೆ ಯಾರು ಹೇಳಿದರು?"

"...ನಾನೇ. ಇವತ್ತು ಬೆಳಿಗ್ಗೆ."

"ಯಾಕೆ ಹೇಳಿದಿರಿ? ಸರಿಯಾದ ಕಾರಣ ಇಲ್ಲದಿದ್ದರೆ ಡಾಕ್ಟರ ಬಳಿ ಹೋಗಿ. ಇನ್ನೊಂದು ಟೆಸ್ಟ್, ರಿಸಲ್ಟ್ ನಾಳೆ."

ವಿಮಾನಕ್ಕೆ ಇನ್ನು ನಲವತ್ತು ನಿಮಿಷ. ಕಾರಣ ಎದುರಿಗೇ ಕುಕ್ಕರ್ ಹಿಡಿದು ನಿಂತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಗೋವಿಂದರಾಜು ಹಣೆ ಚಚ್ಚಿಕೊಂಡು ನಕ್ಕ. "ಗೊತ್ತಾಯ್ತು ಬಿಡಿ! ಸರ್‌ಪ್ರೈಸ್! ನಮ್ಮನ್ನ ಏರ್‌ಪೋರ್ಟಲ್ಲಿ ಬೆಚ್ಚಿಬೀಳ್ಸೋಕೆ ಮಾಡಿದ ತಮಾಷೆ! ಮೇಡಂ, ಇವರು ನಮ್ಮವರೇ, ಎಲ್ಲಾ ಒಂದೇ ಪ್ಲಾನು" ಅಂತ ಜೇಬಿನಿಂದ ಕಾಗದ ತೆಗೆದು ತೋರಿಸಿದ. ಜಯದೇವನದೇ ಪಟ್ಟಿ. ಎರಡು ಪ್ರಿಂಟ್ ಹಾಕಿದ್ದ, ಮಹಾರಾಯ.

ಅಧಿಕಾರಿಣಿ ಜಯದೇವನ ಚೀಲದಲ್ಲಿದ್ದ ಪಟ್ಟಿಯನ್ನೂ ತೆಗೆದು, ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದಳು. "ಇದು ತಮಾಷೆಯಾ? ನೀವು ಒಟ್ಟಿಗೇ ಹೋಗ್ತಿದ್ದೀರಾ?"

ಜಯದೇವ ಗಡಿಯಾರ ನೋಡಿದ. ಮ್ಯಾನೇಜರ್ ನೆನಪಾದ. ಕಾಂಟ್ರಾಕ್ಟ್ ನೆನಪಾಯಿತು.

"ಹೌದು," ಅಂದ, "ಒಟ್ಟಿಗೇ."

ಅವಳು ಗೊಜ್ಜನ್ನು ಕಸದ ಬುಟ್ಟಿಗೆ ಬಗ್ಗಿಸಿ, ಡಬ್ಬಿ ವಾಪಸ್ ಕೊಟ್ಟು, ಹೋಗಿ ಅಂದಳು.

"ಒಳ್ಳೇ ಟೈಮಿಗೆ ಸಿಕ್ಕಿದ್ರಿ" ಗೋವಿಂದರಾಜು ಅವನ ಹೆಗಲ ಮೇಲೆ ಕೈಹಾಕಿ ಗೇಟಿನ ಕಡೆ ನಡೆಸಿದ. "ನೀವು ಬರಲ್ಲ ಅಂದ್ಮೇಲೆ ಗಾಡಿ ಓಡ್ಸೋರು ಯಾರು? ಪಾಪ, ನಿಮ್ಮ ಪ್ಲಾನಾದ್ರೂ ವೇಸ್ಟ್ ಆಗ್ಬಾರ್ದು ಅಂತ, ಹಾಗೇ ನಿಧಾನಕ್ಕೆ ರೈಲಲ್ಲಿ ಹೋಗಿ ಬೆಂಚಲ್ಲಿ ಕೂತು ಬರೋಣ ಅಂತ ಹೊರಟಿದ್ವಿ. ಈಗ ಡ್ರೈವರ್ ಬಂದಾಯ್ತಲ್ಲ! ಗಾಡಿ ಬುಕ್ ಮಾಡ್ಬಿಟ್ಟೆ ನೋಡಿ. ಇಪ್ಪತ್ತೆರಡು ಊರು!"

ಜಯದೇವನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಪ್ರಭಾಳ ಮೆಸೇಜು: "ಸೆಕ್ಯುರಿಟಿ ಆಯ್ತಾ? ಕೋಪ ಸ್ವಲ್ಪ ಇಳೀತಾ?"

ಅವನು ಉತ್ತರ ಟೈಪ್ ಮಾಡುವ ಮೊದಲೇ ಇಂದಿರಮ್ಮ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದರು.

"ಅಲ್ಲ ಕಣೋ ಜಯದೇವ, ಖಾಲಿ ಡಬ್ಬಿ ಯಾರಾದ್ರೂ ವಾಪಸ್ ಕೊಡ್ತಾರೇನೋ?"