ಸೇಡಂನಲ್ಲಿ ಬದಲಿಸಿದ್ದು, ವಾಡಿಯಲ್ಲಿ ಕಂಡಿದ್ದು

ಒಂದೂರಲ್ಲಿ ಗುಂಡಿ ಒತ್ತಿದರೆ ಮೂರೂರಲ್ಲಿ ಗಲಾಟೆ ಏಳುವ ಕೆಲಸ ನನ್ನದು. ಹೀಗಾಗಿ ಇಂಥವು ನಡೆಯುತ್ತಲೇ ಇರುತ್ತವೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಸಾವಕಾರರೊಬ್ಬರ ಕಂಪ್ಯೂಟರುಗಳನ್ನು ಸೇಡಂನ ಮನೆಯಿಂದಲೇ ನೋಡಿಕೊಳ್ಳುತ್ತೇನೆ. ಶಹಾಬಾದ್, ವಾಡಿ, ಚಿತ್ತಾಪುರ, ಮೂರೂ ಕಡೆಯ ಅವರ ಆಫೀಸುಗಳಲ್ಲಿ ಬರೆಯಲು ಒಂದೇ ಎಡಿಟರ್ ತಂತ್ರಾಂಶ. ಅದರ ಬಣ್ಣ, ಅಕ್ಷರದ ಗಾತ್ರ, ಶಾರ್ಟ್‌ಕಟ್ಟು ಎಲ್ಲದರ ಸೆಟ್ಟಿಂಗ್ ಒಂದೇ ಫೈಲಿನಲ್ಲಿ. ನಾನು ಇಲ್ಲಿ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ. ಹಳೇ ಆವೃತ್ತಿಗಳೂ ಉಳಿದಿರುತ್ತವೆ, ಬೇಕೆಂದಾಗ ಹಿಂದಕ್ಕೆ ಹೋಗಬಹುದು.

ಒರೆಸಿದರೂ ಹೋಗದ್ದು

ಕಣ್ಣಿಗೆ ತಂಪಾಗಲೆಂದು ಒಮ್ಮೆ ಪರದೆಗೆ ಬೂದಿ ಬಣ್ಣ ಕೊಟ್ಟೆ. ಮುಂಜಾನೆ ಸಿಮೆಂಟ್ ಕಾರ್ಖಾನೆಯ ಊರು ವಾಡಿಯಿಂದ ಮ್ಯಾನೇಜರರ ಫೋನು. "ಹಸಿ ಬಟ್ಟೀಲೆ ತಿಕ್ಕಿ ತಿಕ್ಕಿ ಸಾಕಾಯ್ತ್ರಿ. ಸಿಮೆಂಟಿನ ಧೂಳು ಹೋಗವಲ್ದು."

"ಅದು ಧೂಳಲ್ರಿ, ನಾನೇ ಸೇಡಂದಿಂದ ಹಾಕಿದ ಬಣ್ಣ."

"ವಾಡಿ ಒಳಗ ಧೂಳು ಕಮ್ಮಿ ಇತ್ತಂತ ಸೇಡಂದಿಂದ ಬ್ಯಾರೆ ಕಳಸ್ಲಿಕತ್ತೀರೇನ್ರಿ?"

ಎದುರಿನ ಹೊಟೇಲು

ಕನ್ನಡಕ ಒಡೆದ ದಿನ ಅಕ್ಷರ ಭಾಳ ದೊಡ್ಡದು ಮಾಡಿಕೊಂಡೆ. ಚಿತ್ತಾಪುರದ ಟೈಪಿಸ್ಟ್ ಬಾಯಿಯವರು ಫೋನ್ ಮಾಡಿ, "ಪರದೆ ತುಂಬ ಎರಡೇ ಅಕ್ಷರ ಕಾಣ್ಲಿಕತ್ತಾವ್ರಿ" ಎಂದರು.

"ಸ್ವಲ್ಪ ಹಿಂದಕ್ಕ ಸರದು ನೋಡ್ರಿ ಬಾಯಿ, ಈಗ ಸರಿ ಮಾಡ್ತೀನಿ."

"ಸರದು ಸರದು ಎದುರಿನ ಹೊಟೇಲಿಗೆ ಬಂದೀನ್ರಿ. ಇಲ್ಲಿಂದ ಛಲೋ ಕಾಣ್ತದ. ಅವಸರ ಮಾಡಬ್ಯಾಡ್ರಿ, ಚಹಾ ಹೇಳೀನಿ."

ಖರಾಬ್ ಮಾಲು

ಒಡೆದ ಕಲ್ಲು ತಿರುಗಿ ಬಂದಾಗ ಶಹಾಬಾದಿನ ಗುಮಾಸ್ತರು ಪ್ರತಿ ಸಲ "ಖರಾಬ್ ಮಾಲು, ವಾಪಸ್ ರವಾನೆ" ಎಂದು ಬರೆಯಬೇಕಿತ್ತು. ಕೈನೋವು ಎಂದರು. "ವಾಪಸ್"ನ ವ, "ರವಾನೆ"ಯ ರ ಸೇರಿಸಿ "ವರ" ಎಂದು ಶಾರ್ಟ್‌ಕಟ್ಟು ಮಾಡಿಕೊಟ್ಟೆ. "ವರ" ಎಂದು ಹೊಡೆದರೆ ಸಾಕು, ಇಡೀ ಸಾಲು ತಾನೇ ಬರುತ್ತದೆ.

ಅದೇ ವಾರ ಸಾವಕಾರರ ಮಗನ ಲಗ್ನಪತ್ರಿಕೆ. ಗುಮಾಸ್ತರು ಅದನ್ನೂ ಅದೇ ಎಡಿಟರಿನಲ್ಲಿ ಟೈಪ್ ಮಾಡಿ, ತಿರುಗಿ ನೋಡದೆ ಚಿಂಚೋಳಿಯ ಬೀಗರಿಗೆ ಕಳಿಸಿಬಿಟ್ಟರು. "ವಧು: ನಮ್ಮ ಬೀಗರ ಸುಪುತ್ರಿ" ಸರಿಯಾಗಿಯೇ ಇತ್ತು. ಕೆಳಗೆ, "ಖರಾಬ್ ಮಾಲು, ವಾಪಸ್ ರವಾನೆ: ನಮ್ಮ ಜ್ಯೇಷ್ಠ ಸುಪುತ್ರ".

ಬೀಗರು ಕೆಂಡವಾಗಿ ಫೋನ್ ಮಾಡಿದರು. ಸಾವಕಾರರು ಸೇಡಂನಲ್ಲಿದ್ದ ನನ್ನನ್ನೂ ಅದೇ ಕರೆಗೆ ಸೇರಿಸಿದರು. ನಾನು ಹೇಳಿದೆ: "ತಪ್ಪು ಕಂಪ್ಯೂಟರಿಂದರಿ ಯಜಮಾನ್ರ. ಹಳೇ ಆವೃತ್ತಿ ಜೋಪಾನ ಅದ, ಈಗಿಂದೀಗ ಅದನ್ನ ತಿರುಗಿ ತರ್ತೀನಿ."

ಆ ಕಡೆ ಗುಸುಗುಸು. ಆಮೇಲೆ ಫೋನಿನಲ್ಲಿ ಮದುಮಗಳ ದನಿ: "ಹಂಗಾರ ಹುಡುಗಂದೂ ಹಳೇ ಆವೃತ್ತಿ ಸಿಗ್ತದೇನು ನೋಡ್ರಿ. ಫೋಟೋದಾಗ ತಲಿ ತುಂಬ ಕೂದಲಿದ್ವು."