ಮಂಜೂರಾದ ಮರದ ಕುದುರೆ

ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ಚನ್ನಪಟ್ಟಣದ ಹೆದ್ದಾರಿ ಬದಿಯಲ್ಲಿ ಬೊಂಬೆ ಅಂಗಡಿ ಇಟ್ಟುಕೊಂಡೇ ಮುದುಕನಾದವನ ಅನುಭವ. ಗಿರಾಕಿ ಬೆಲೆ ಇಳಿಸು ಅಂದರೆ ನನಗೆ ಕಿವಿ ಕೇಳಿಸುವುದಿಲ್ಲ. ಅವರು ಎದ್ದು ಹೊರಟರೆ ತಟ್ಟನೆ ಕೇಳಿಸತೊಡಗುತ್ತದೆ.

ಆ ಧೈರ್ಯದಲ್ಲೇ, ನನಗೆ ಬೊಂಬೆ ಕಡೆದುಕೊಡುವ ಗೆಳೆಯ ಅನ್ವರನ ಜೊತೆ ಪಂದ್ಯ ಕಟ್ಟಿದೆ. ಅವನು ಮಾಡಿದ ತೂಗುಕುದುರೆಯನ್ನು ಮೊದಲು ಹೇಳಿದ ಬೆಲೆಗೇ ಮಾರಿದರೆ ಅವನು ನನಗೆ ಬಿರಿಯಾನಿ ಕೊಡಿಸಬೇಕು, ಒಂದು ರೂಪಾಯಿ ಇಳಿಸಿದರೂ ನಾನು ಅವನಿಗೆ.

ಕನಕಪುರದ ಟೀಚರಮ್ಮ ಒಬ್ಬರು ಬಂದರು. ಕುದುರೆ ಏಳು ಸಾವಿರ ಅಂದೆ. "ಕಾರ್ಡು ತಗೋತೀರಾ?" ಅಂತ ತೋರಿಸಿದ್ದೇ ತಡ, ಕಿತ್ತುಕೊಂಡು ಹೊಸ ಯಂತ್ರದಲ್ಲಿ ಸರ್ರನೆ ಎಳೆದುಬಿಟ್ಟೆ. ಯಂತ್ರ ಬ್ಯಾಂಕನ್ನು ಕೇಳಿತು, ಬ್ಯಾಂಕು ಮಂಜೂರು ಅಂದಿತು, ಚೀಟಿ ಹೊರಗೆ ಬಂತು.

"ಸೈನ್ ಹಾಕಿ ಅಮ್ಮಾ, ಬ್ಯಾಂಕೇ ಒಪ್ಪೈತೆ."

"ಬ್ಯಾಂಕು ಒಪ್ಪಿದ್ರೆ ಬ್ಯಾಂಕೇ ಬಂದು ಕುದುರೆ ಮೇಲೆ ಕೂತ್ಕಳ್ಳಲಿ. ನಾನು ಒಪ್ಪಿಲ್ಲ ಕಣಪ್ಪ, ಒಸಿ ಬುಡು!"

ಆರೂವರೆ ಅಂದು ಮತ್ತೆ ಎಳೆದೆ. ಮಂಜೂರು. ಆಕೆ ಬಾಗಿಲ ಕಡೆ ತಿರುಗಿದರು. ಆರಕ್ಕೆ ಎಳೆದೆ. ಮಂಜೂರು. ಆಕೆ ಚಪ್ಪಲಿ ಮೆಟ್ಟಿದರು. ಐದೂವರೆಗೆ ಎಳೆದರೆ ಯಂತ್ರ ಕೀಂಯ್ ಅಂತು: ಆಗಲ್ಲ!

"ನೋಡ್ದಾ? ಬೆಲೆ ಜಾಸ್ತಿ ಅಂತ ನಿನ್ ಮಿಷಿನ್ನೇ ಹೇಳ್ತಾ ಐತೆ."

ನಾನು ನಂಬಿಬಿಟ್ಟೆ! ಗಾಬರಿಯಲ್ಲಿ ಐದಕ್ಕೆ ಇಳಿಸಿದೆ. ಆಗಲೂ ಕೀಂಯ್.

ಕೊನೆಗೆ ಬ್ಯಾಂಕಿಗೆ ಫೋನು ಹಚ್ಚಿದೆ. ಆ ಕಡೆಯ ಹುಡುಗಿ ಪಾಪ, ನಗು ತಡೆದುಕೊಂಡೇ ಹೇಳಿದಳು: ಮಂಜೂರು ಅಂದಾಗಲೆಲ್ಲ ಗಿರಾಕಿಯ ಕಾರ್ಡಿನಲ್ಲಿ ಅಷ್ಟು ಹಣವನ್ನು ನಮ್ಮ ಹೆಸರಿಗೆ ಕಟ್ಟಿಹಾಕುತ್ತಾರಂತೆ. ನಾನು ರದ್ದು ಮಾಡದೆ ಮತ್ತೆ ಮತ್ತೆ ಎಳೆದು, ಒಂದು ಕುದುರೆಗೆ ಮೂರು ಕುದುರೆಯ ದುಡ್ಡು ಕಟ್ಟಿಹಾಕಿಸಿದ್ದೆ. ಟೀಚರಮ್ಮನ ಕಾರ್ಡಿನ ಮಿತಿ ಅಲ್ಲಿಗೇ ಮುಗಿದಿತ್ತು. ಫೋನಿನ ಹುಡುಗಿ ಹೇಳಿದಂತೆ ಗುಂಡಿ ಒತ್ತಿ ಮೂರನ್ನೂ ರದ್ದು ಮಾಡಿದೆ. ಆದರೆ ಐದು ಅಂತ ಬಾಯಿ ಬಿಟ್ಟಾಗಿತ್ತಲ್ಲ! ಮತ್ತೆ ಎಳೆದೆ, ಟೀಚರಮ್ಮ ಐದರ ಚೀಟಿಗೇ ಸೈನ್ ಹಾಕಿ ಕುದುರೆಯನ್ನು ಆಟೋಗೆ ಏರಿಸಿಕೊಂಡು ಹೋದರು.

ಅನ್ವರ ಬಂದ. "ಎಷ್ಟಕ್ಕೆ ಕೊಟ್ಟೆ ಕಣ್ಲಾ?"

ಸೋಲೊಪ್ಪುವ ಜಾತಿಯೇ ನಾನು? ಏಳು ಸಾವಿರದ ಮೊದಲ ಚೀಟಿಯನ್ನು ಅವನ ಮೂಗಿಗೆ ಹಿಡಿದೆ. "ಓದ್ಕೊ. ಮಂಜೂರು ಅಂತ ಬರ್ದೈತೆ."

ಅವನು ಚೀಟಿ ಓದಿದ. ನನ್ನ ಮುಖ ಓದಿದ. ಹೋಗಿ ಬಿಸಿಬಿಸಿ ಬಿರಿಯಾನಿ ಪೊಟ್ಟಣ ತಂದು ನನ್ನ ಮುಂದೆ ಬಿಚ್ಚಿಟ್ಟ. ಘಮ ಮೂಗಿಗೆ ಬಡಿಯಿತು. ನಾನು ಕೈ ತೊಳೆದುಕೊಂಡು ಬಂದು ಕುಳಿತೆ.

"ಮಂಜೂರಾಯ್ತಾ?" ಅಂದ ಅನ್ವರ.

"ಆಯ್ತು ಕಣ್ಲಾ!"

"ಈಗ ರದ್ದು," ಎಂದವನೇ ಪೊಟ್ಟಣವನ್ನು ತನ್ನ ಕಡೆ ಎಳೆದುಕೊಂಡು ತಿನ್ನತೊಡಗಿದ. "ಟೀಚರಮ್ಮ ದಾರೀಲೇ ಸಿಕ್ಕಿದ್ರು ಕಣ್ಲಾ, ಕುದುರೆ ಐದಕ್ಕೆ ಬಂತು ಅಂದ್ರು. ಇದರ ದುಡ್ಡು ಹೋಟ್ಲಲ್ಲಿ ನಿನ್ ಲೆಕ್ಕಕ್ಕೆ ಬರ್ಸಿ ಬಂದಿವ್ನಿ."